ಬಡವರ ಹೊಣೆ ಯಾರದು?
ಮಂಗಳವಾರ್ತೆಯ ಹಬ್ಬದಂದು ಒಂದು ಚಿಂತನೆ

ಮಾರ್ಚ್ 25 ಮಂಗಳವಾರ್ತೆಯ ಮಹೋತ್ಸವ. ನಜರೇತಿನ ಬಡ ಕನ್ಯೆಯ ಬಳಿಗೆ ದೇವದೂತ ಗಬ್ರಿಯೇಲನು ಬಂದ ದಿನವನ್ನು ಧರ್ಮಸಭೆ ಅಂದು ಸ್ಮರಿಸುತ್ತದೆ. ಆ ವಾರ್ತೆ ಕೇಳಿದ ಮಾತೆ ಮರಿಯಮ್ಮನವರು ಮನೆಯಲ್ಲೇ ಕುಳಿತುಕೊಳ್ಳಲಿಲ್ಲ. ಅವಸರದಿಂದ ಬೆಟ್ಟದ ಸೀಮೆಗೆ ಹೊರಟು, ಮುಪ್ಪಿನಲ್ಲಿ ಗರ್ಭಿಣಿಯಾಗಿದ್ದ ಎಲಿಜಬೇತಮ್ಮನವರ ಮನೆ ಸೇರಿದರು. ಅಲ್ಲಿ ಅವರು ಹಾಡಿದ ಸ್ತುತಿಗೀತೆ ದೀನರು ಮೇಲೇರುವ, ಹಸಿದವರು ತೃಪ್ತರಾಗುವ ಕಾಲದ ಹಾಡು. ಧರ್ಮಸಭೆ ಅದನ್ನು ಪ್ರತಿ ಸಂಜೆಯ ಪ್ರಾರ್ಥನೆಯಲ್ಲಿ ಹಾಡುತ್ತಾ ಬಂದಿದೆ.

ಹಾಡುವುದೇನೋ ಸುಲಭ. ಆದರೆ ಹಸಿದವರಿಗೆ ಅನ್ನ ಸಿಗುವಂತೆ ನೋಡಿಕೊಳ್ಳಬೇಕಾದವರು ಯಾರು? ಮನೆಯವರೇ? ನೆರೆಹೊರೆಯವರೇ? ಧರ್ಮಕೇಂದ್ರವೇ? ಇಲ್ಲ, ಸರ್ಕಾರವೇ?

ಈ ಪ್ರಶ್ನೆ ನಮ್ಮ ಮನೆಗಳ ಊಟದ ಹೊತ್ತಿನಲ್ಲೂ ಬರುತ್ತದೆ. "ಸರ್ಕಾರ ಎಲ್ಲವನ್ನೂ ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತಿದೆ" ಎನ್ನುವವರಿದ್ದಾರೆ. "ಬಡವರ ವಿಷಯ ಸರ್ಕಾರಕ್ಕೆ ಬಿಟ್ಟದ್ದು, ನಮ್ಮಿಂದ ಏನಾದೀತು?" ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಎರಡೂ ಅರ್ಧ ಸತ್ಯದ ಮಾತುಗಳು. ಇದನ್ನು ಅರಿಯಲು ಒಂದು ದೇಶದ ಕಥೆಯನ್ನು ನಾವು ನೋಡೋಣ. ಬಡವರ ಸಹಾಯ ಕೇಂದ್ರ ಸರ್ಕಾರದ ಕೆಲಸವೇ ಅಲ್ಲ ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದ ಅಮೆರಿಕ, ಕೊನೆಗೆ ವೃದ್ಧರಿಗೆ, ನಿರುದ್ಯೋಗಿಗಳಿಗೆ, ಅನಾಥ ಮಕ್ಕಳಿಗೆ ಕಾನೂನಿನ ಆಸರೆ ಕೊಟ್ಟಿತು. ಈ ಬದಲಾವಣೆಯ ಒಂದು ದೊಡ್ಡ ತಿರುವು ಬಂದದ್ದು ಮಾರ್ಚ್ 25ರಂದೇ.

ದಾನ ಸರ್ಕಾರದ ಕೆಲಸವಲ್ಲ ಎಂದ ಕಾಲ

ಡೊರೊಥಿಯಾ ಡಿಕ್ಸ್ ಎಂಬ ಶಿಕ್ಷಕಿ 1841ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಜೈಲಿಗೆ ಭೇಟಿ ಕೊಟ್ಟರು. ಅಪರಾಧಿಗಳ ನಡುವೆಯೇ ಬುದ್ಧಿಭ್ರಮಣೆಯಾದವರನ್ನು ಚಳಿಯಲ್ಲಿ ಕೂಡಿಹಾಕಿದ್ದನ್ನು ಕಂಡು ಅವರ ಮನಸ್ಸು ಕರಗಿತು. ಊರೂರು ಸುತ್ತಿ, ಕಂಡದ್ದನ್ನು ಬರೆದು, ಇಂಥವರಿಗಾಗಿ ಆಸ್ಪತ್ರೆ ಕಟ್ಟಿಸಬೇಕೆಂದು ಹೋರಾಡಿದರು. ಕೊನೆಗೆ 1854ರಲ್ಲಿ ಅಮೆರಿಕದ ಸಂಸತ್ತು ಈ ಕೆಲಸಕ್ಕಾಗಿ ಒಂದು ಕೋಟಿ ಎಕರೆಗೂ ಹೆಚ್ಚು ಸರ್ಕಾರಿ ಭೂಮಿಯನ್ನು ಮೀಸಲಿಡುವ ಮಸೂದೆಯನ್ನು ಒಪ್ಪಿತು. ಆದರೆ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದಕ್ಕೆ ಸಹಿ ಹಾಕದೆ ಹಿಂದಿರುಗಿಸಿದರು. ಕನಿಕರವೇನೋ ಇದೆ, ಆದರೆ ದೇಶದ ಬಡವರಿಗೆಲ್ಲ ದಾನ ಹಂಚುವ ಅಧಿಕಾರವನ್ನು ಸಂವಿಧಾನ ಕೇಂದ್ರ ಸರ್ಕಾರಕ್ಕೆ ಕೊಟ್ಟಿಲ್ಲ ಎಂಬುದು ಅವರ ವಾದ. 1887ರಲ್ಲಿ ಬರಗಾಲಕ್ಕೆ ತುತ್ತಾದ ಟೆಕ್ಸಾಸ್ ರೈತರಿಗೆ ಬಿತ್ತನೆ ಬೀಜ ಕೊಳ್ಳಲು 10,000 ಡಾಲರ್ ಕೊಡುವ ಮಸೂದೆಯನ್ನೂ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಇದೇ ರೀತಿ ತಿರಸ್ಕರಿಸಿದರು.

ಇವರನ್ನು ಕಲ್ಲೆದೆಯವರೆಂದು ತಳ್ಳಿಹಾಕುವುದು ಸರಿಯಲ್ಲ. ಸರ್ಕಾರ ಕೊಡಲು ತೊಡಗಿದರೆ ಜನ ಒಬ್ಬರಿಗೊಬ್ಬರು ಕೊಡುವುದನ್ನು ಮರೆತಾರು ಎಂಬ ಭಯ ಅವರಿಗಿತ್ತು. ಆ ಕಾಲದಲ್ಲಿ ಬಡವರ ಕಣ್ಣೀರು ಒರೆಸುವ ಕೈಗಳು ಬೇರೆಯೇ ಇದ್ದವು. ಧಾರ್ಮಿಕ ಭಗಿನಿಯರು ಆಸ್ಪತ್ರೆ, ಅನಾಥಾಲಯಗಳನ್ನು ನಡೆಸುತ್ತಿದ್ದರು. ಸಂತ ವಿನ್ಸೆಂಟ್ ದೆ ಪೌಲ್ ಸಭೆ 1845ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾಗಿ, ಅದರ ಸದಸ್ಯರು ಬಡವರ ಮನೆಮನೆಗೆ ಹೋಗುತ್ತಿದ್ದರು. ಹಳ್ಳಿಯ ಬದುಕಿಗೆ, ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರಿಗೆ ಇದು ಬಹುಮಟ್ಟಿಗೆ ಸಾಕಾಗುತ್ತಿತ್ತು.

ಆದರೆ ಊರುಗಳು ಸಣ್ಣವಾಗಿ ಉಳಿಯಲಿಲ್ಲ. ಕಾರ್ಖಾನೆಗಳು ಎದ್ದವು. ಹಡಗುಗಳಲ್ಲಿ ಬಂದ ಲಕ್ಷಾಂತರ ವಲಸೆಗಾರರು ನಗರಗಳ ಇಕ್ಕಟ್ಟಾದ ಮನೆಗಳಲ್ಲಿ ತುಂಬಿಕೊಂಡರು. ಧಣಿಗೆ ಕೆಲಸಗಾರನ ಮುಖ ಗೊತ್ತಿಲ್ಲ, ಕೆಲಸಗಾರನಿಗೆ ಪಕ್ಕದ ಮನೆಯವನ ಭಾಷೆ ಗೊತ್ತಿಲ್ಲ ಎಂಬ ಸ್ಥಿತಿ ಬಂತು.

1911ರ ಮಾರ್ಚ್ 25

ಅಂದು ಶನಿವಾರ. ತಪಸ್ಸುಕಾಲದ ನಡುವೆ ಬಂದ ಮಂಗಳವಾರ್ತೆಯ ಹಬ್ಬ. ನ್ಯೂಯಾರ್ಕ್ ನಗರದ ಒಂದು ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆ ಇತ್ತು. ಹೆಂಗಸರು ತೊಡುವ ಮೇಲಂಗಿಗಳನ್ನು ಅಲ್ಲಿ ಹೊಲಿಯುತ್ತಿದ್ದರು. ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಕಥೋಲಿಕ ಹುಡುಗಿಯರು ಮತ್ತು ಪೂರ್ವ ಯೂರೋಪಿನಿಂದ ಬಂದ ಯೆಹೂದಿ ಹುಡುಗಿಯರು. ಹದಿನಾಲ್ಕು ವರ್ಷದವರೂ ಅವರಲ್ಲಿದ್ದರು.

ಸಂಜೆ ಕೆಲಸ ಮುಗಿಯುವ ಹೊತ್ತು. ಎಂಟನೆಯ ಮಹಡಿಯಲ್ಲಿ ಬಟ್ಟೆಯ ಚೂರುಗಳಿಗೆ ಬೆಂಕಿ ತಗುಲಿತು. ನೋಡನೋಡುತ್ತಿದ್ದಂತೆ ಜ್ವಾಲೆ ಮೇಲಕ್ಕೇರಿತು. ಒಂಬತ್ತನೆಯ ಮಹಡಿಯವರು ಒಂದು ಮೆಟ್ಟಿಲಿನ ಬಾಗಿಲಿಗೆ ಓಡಿದರು. ಅದಕ್ಕೆ ಬೀಗ ಹಾಕಿತ್ತು. ಕೆಲಸದವರು ಬಟ್ಟೆ ಕದಿಯಬಾರದೆಂದು, ಮನೆಗೆ ಹೋಗುವಾಗ ಒಂದೇ ಬಾಗಿಲಿನಿಂದ ಚೀಲ ತೋರಿಸಿ ಹೋಗಬೇಕೆಂದು ಹಾಗೆ ಬೀಗ ಹಾಕುವ ರೂಢಿಯಿತ್ತು. ಹೊರಗಿನ ಕಬ್ಬಿಣದ ಏಣಿ ಭಾರ ತಾಳದೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಮಹಡಿಯವರೆಗೆ ಮಾತ್ರ ಮುಟ್ಟುತ್ತಿತ್ತು. ಹಲವರು ಕಿಟಕಿಯಿಂದ ಬೀದಿಗೆ ಹಾರಿದರು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದಿತ್ತು. ಸತ್ತವರು 146 ಮಂದಿ. ಅವರಲ್ಲಿ 123 ಮಂದಿ ಹೆಣ್ಣುಮಕ್ಕಳು.

ದುರಂತದ ನಂತರ ನಗರದ ಜನ ಕೈಬಿಚ್ಚಿ ಹಣ ಕೊಟ್ಟರು. ರೆಡ್ ಕ್ರಾಸ್ ಸಂಸ್ಥೆಯೂ ಕಾರ್ಮಿಕ ಸಂಘವೂ ಸೇರಿ ನೊಂದ ಕುಟುಂಬಗಳಿಗೆ ನೆರವು ಹಂಚಿದವು. ಆದರೆ ಕಾರ್ಖಾನೆಯ ಮಾಲೀಕರ ಮೇಲಿನ ಮೊಕದ್ದಮೆ ಅದೇ ವರ್ಷದ ಡಿಸೆಂಬರಿನಲ್ಲಿ ಖುಲಾಸೆಯಾಯಿತು. ಬೀಗ ಹಾಕಿದ್ದು ಅವರಿಗೆ ಆ ಕ್ಷಣದಲ್ಲಿ ತಿಳಿದಿತ್ತೆಂದು ಸಾಬೀತಾಗಲಿಲ್ಲ. 1914ರಲ್ಲಿ ಪರಿಹಾರದ ದಾವೆಗಳು ಒಂದು ಜೀವಕ್ಕೆ 75 ಡಾಲರಿನಂತೆ ರಾಜಿಯಾದವು.

ಇಲ್ಲಿಯೇ ನಾವು ಸ್ವಲ್ಪ ನಿಲ್ಲಬೇಕು. ಆ ಜನರಲ್ಲಿ ದಾನಬುದ್ಧಿಗೆ ಕೊರತೆ ಇರಲಿಲ್ಲ. ಸತ್ತವರನ್ನು ಗೌರವದಿಂದ ಮಣ್ಣು ಮಾಡಿದರು, ಅವರನ್ನು ನಂಬಿದ್ದವರಿಗೆ ಅನ್ನ ಹಾಕಿದರು. ಆದರೆ ಆ ಬಾಗಿಲಿನ ಬೀಗ ತೆಗೆಸುವ ಶಕ್ತಿ ಯಾವ ದಾನಿಗೂ ಇರಲಿಲ್ಲ. ಅದಕ್ಕೆ ಕಾನೂನೇ ಬೇಕಿತ್ತು.

ಕಂಡವರು ಸುಮ್ಮನಿರಲಿಲ್ಲ

ಅಂದು ಸಂಜೆ ಆ ಬೀದಿಗೆ ಓಡಿಬಂದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮೂವತ್ತರ ಹರೆಯದ ಮಹಿಳೆ ಇದ್ದರು. ಹತ್ತಿರದ ಗೆಳತಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದವರು ಕೂಗಾಟ ಕೇಳಿ ಬಂದು, ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ಕಂಡರು. ಆ ನೋಟ ಅವರ ಬದುಕನ್ನೇ ತಿರುಗಿಸಿತು.

ನ್ಯೂಯಾರ್ಕ್ ರಾಜ್ಯ ಕಾರ್ಖಾನೆಗಳ ತನಿಖೆಗೆ ಒಂದು ಆಯೋಗ ನೇಮಿಸಿತು. ಅದರ ಉಪಾಧ್ಯಕ್ಷ ಆಲ್ ಸ್ಮಿತ್. ಧರ್ಮಕೇಂದ್ರದ ಶಾಲೆಯಲ್ಲಿ ಓದುತ್ತಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಓದು ಬಿಟ್ಟು, ಮುಂದೆ ಮೀನು ಮಾರುಕಟ್ಟೆಯಲ್ಲಿ ದುಡಿದ ಕಥೋಲಿಕರು ಅವರು. ಪರ್ಕಿನ್ಸ್ ಅವರು ಆಯೋಗದ ಸದಸ್ಯರನ್ನು ಕಚೇರಿಯಲ್ಲಿ ಕೂರಲು ಬಿಡಲಿಲ್ಲ. ಕಾರ್ಖಾನೆಗಳಿಗೆ ಕರೆದೊಯ್ದು, ಬೆಂಕಿ ಬಿದ್ದರೆ ಪಾರಾಗುವ ದಾರಿ ಎಷ್ಟು ಕಿರಿದೆಂದು ತೋರಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಹೊಸ ಕಾನೂನುಗಳು ಬಂದವು. ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕುವಂತಿಲ್ಲ. ಎತ್ತರದ ಕಾರ್ಖಾನೆಗಳಲ್ಲಿ ಬೆಂಕಿ ಕಂಡೊಡನೆ ತಾನಾಗಿ ನೀರು ಸುರಿಯುವ ಏರ್ಪಾಡು ಇರಬೇಕು. ಹೆಂಗಸರನ್ನು ವಾರಕ್ಕೆ 54 ಗಂಟೆಗಿಂತ ಹೆಚ್ಚು ದುಡಿಸಬಾರದು. ಏಳು ದಿನಕ್ಕೊಂದು ದಿನ ವಿಶ್ರಾಂತಿ ಕೊಡಬೇಕು.

ಒಂದು ರಾಜ್ಯ ಸಾಲದು ಏಕೆ?

ರಾಜ್ಯವೇ ಕಾನೂನು ಮಾಡಬಹುದಾದರೆ ಕೇಂದ್ರ ಸರ್ಕಾರ ಏಕೆ ಬೇಕಾಯಿತು? ಇದಕ್ಕೆ ಉತ್ತರ ಮಕ್ಕಳ ದುಡಿಮೆಯ ಕಥೆಯಲ್ಲಿದೆ.

ದಕ್ಷಿಣದ ರಾಜ್ಯಗಳ ಹತ್ತಿ ಗಿರಣಿಗಳಲ್ಲಿ ಸಣ್ಣ ಸಣ್ಣ ಮಕ್ಕಳು ನೂಲಿನ ಯಂತ್ರಗಳ ಮುಂದೆ ದಿನವಿಡೀ ನಿಲ್ಲುತ್ತಿದ್ದರು. ಒಂದು ರಾಜ್ಯ ಮಕ್ಕಳ ದುಡಿಮೆ ನಿಲ್ಲಿಸಿದರೆ ಅಲ್ಲಿಯ ಬಟ್ಟೆಯ ಬೆಲೆ ಏರುತ್ತದೆ, ಪಕ್ಕದ ರಾಜ್ಯದ ಅಗ್ಗದ ಬಟ್ಟೆ ಮಾರುಕಟ್ಟೆ ಹಿಡಿಯುತ್ತದೆ, ಗಿರಣಿಯೇ ಅತ್ತ ಹೋಗುತ್ತದೆ. ಒಳ್ಳೆಯದನ್ನು ಮಾಡಿದ ರಾಜ್ಯಕ್ಕೇ ನಷ್ಟ. ಆದ್ದರಿಂದ ಇಡೀ ದೇಶಕ್ಕೆ ಒಂದೇ ನಿಯಮ ಬೇಕಾಯಿತು. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವ ಕಾರ್ಖಾನೆಯ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಕೂಡದೆಂದು 1916ರಲ್ಲಿ ಕೇಂದ್ರ ಕಾನೂನು ಬಂತು. ಎರಡೇ ವರ್ಷದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮಕ್ಕಳನ್ನು ದುಡಿಸುವವರ ಮೇಲೆ ತೆರಿಗೆ ಹಾಕಿದ ಇನ್ನೊಂದು ಕಾನೂನೂ 1922ರಲ್ಲಿ ಬಿದ್ದುಹೋಯಿತು. 1924ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತರಲು ಸಂಸತ್ತು ಮುಂದಾಯಿತು. ಬೇಕಾದಷ್ಟು ರಾಜ್ಯಗಳು ಒಪ್ಪದೆ ಅದೂ ನಿಂತಿತು.

ಈ ತಿದ್ದುಪಡಿಯ ವಿಷಯದಲ್ಲಿ ಕಥೋಲಿಕರೇ ಒಮ್ಮತದಲ್ಲಿರಲಿಲ್ಲ ಎಂಬುದನ್ನು ನಾವು ಮರೆಮಾಚಬಾರದು. ಬೋಸ್ಟನ್ನಿನ ಕಾರ್ಡಿನಲ್ ವಿಲಿಯಂ ಓಕಾನಲ್ ಅವರು ಅದನ್ನು ಬಲವಾಗಿ ವಿರೋಧಿಸಿದರು. ಮಕ್ಕಳ ಮೇಲಿನ ತಂದೆತಾಯಿಯರ ಹಕ್ಕನ್ನು ಸರ್ಕಾರ ಕಿತ್ತುಕೊಂಡೀತು ಎಂಬುದು ಅವರ ಅಂಜಿಕೆ. ವಂದನೀಯ ಜಾನ್ ರಯನ್ ಎಂಬ ಗುರುಗಳು ಅದನ್ನು ಅಷ್ಟೇ ಬಲವಾಗಿ ಬೆಂಬಲಿಸಿದರು. ಇಬ್ಬರೂ ಕುಟುಂಬದ ಒಳಿತನ್ನೇ ಬಯಸಿದವರು. ಸರ್ಕಾರದ ಕೈ ಎಲ್ಲಿಯವರೆಗೆ ಬರಬಹುದು ಎಂಬುದರಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ.

ದಾನದ ಕಣಜ ಬರಿದಾದಾಗ

1929ರ ಕೊನೆಯಲ್ಲಿ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ಕಾರ್ಖಾನೆಗಳ ಹೊಗೆ ನಿಂತಿತು. 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಫಿಲಡೆಲ್ಫಿಯ ನಗರದಲ್ಲಿ ಅನುಕೂಲಸ್ಥರು ಮುಂದೆ ನಿಂತು ನಿರುದ್ಯೋಗಿಗಳಿಗಾಗಿ ನಡೆಸುತ್ತಿದ್ದ ಪರಿಹಾರ ನಿಧಿ 1932ರ ಜೂನ್ ವೇಳೆಗೆ ಬರಿದಾಯಿತು. ಕಾಣಿಕೆ ಹಾಕುತ್ತಿದ್ದವರೇ ಸಾಲಿನಲ್ಲಿ ನಿಂತು ಬ್ರೆಡ್ಡು ಬೇಡುವ ದಿನ ಬಂದಿತ್ತು. ಎಲ್ಲರ ಮನೆಯೂ ಒಮ್ಮೆಗೇ ಮುಳುಗಿದಾಗ ನೆರೆಯವನು ನೆರೆಯವನನ್ನು ಎತ್ತುವುದು ಹೇಗೆ?

1933ರ ಮಾರ್ಚ್‌ನಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು. ಕಾರ್ಮಿಕ ಖಾತೆಯನ್ನು ಫ್ರಾನ್ಸಿಸ್ ಪರ್ಕಿನ್ಸ್ ಅವರಿಗೆ ಕೊಟ್ಟರು. ಆ ದೇಶದ ಮೊದಲ ಮಹಿಳಾ ಮಂತ್ರಿ ಅವರು. ಒಪ್ಪಿಕೊಳ್ಳುವ ಮುನ್ನವೇ ಅವರು ತಮ್ಮ ಪಟ್ಟಿಯನ್ನು ಅಧ್ಯಕ್ಷರ ಮುಂದಿಟ್ಟಿದ್ದರು: ನಿರುದ್ಯೋಗಿಗಳಿಗೆ ನೆರವು, ಕನಿಷ್ಠ ಕೂಲಿ, ದುಡಿಮೆಯ ಗಂಟೆಗಳಿಗೆ ಮಿತಿ, ಮಕ್ಕಳ ದುಡಿಮೆಗೆ ತಡೆ, ವೃದ್ಧಾಪ್ಯ ವಿಮೆ, ನಿರುದ್ಯೋಗ ವಿಮೆ, ಆರೋಗ್ಯ ವಿಮೆ.

ಮೊದಲು ಬಂದದ್ದು ತುರ್ತು ನೆರವು. ಕೇಂದ್ರ ಸರ್ಕಾರ 1933ರಲ್ಲೇ ರಾಜ್ಯಗಳಿಗೆ ಪರಿಹಾರಕ್ಕೆಂದು 50 ಕೋಟಿ ಡಾಲರ್ ತೆಗೆದಿಟ್ಟಿತು. ಕಾಡು ಬೆಳೆಸುವ, ಮಣ್ಣು ಕೊಚ್ಚಿಹೋಗದಂತೆ ತಡೆಯುವ ಕೆಲಸಕ್ಕೆ ಯುವಕರ ಪಡೆ ಕಟ್ಟಿತು. ಆ ಯುವಕರಿಗೆ ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಊರಿನಲ್ಲಿದ್ದ ತಂದೆತಾಯಿಯರಿಗೆ ಹೋಗುತ್ತಿತ್ತು.

ಆಮೇಲೆ ಬಂದದ್ದು ನೆಲೆಯಾದ ಏರ್ಪಾಡು. 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತಾ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಅದು ನಡೆಯುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಕೆಲಸಗಾರನ ಸಂಬಳದಿಂದ ನೂರಕ್ಕೆ ಒಂದು ಪಾಲು, ಧಣಿಯಿಂದ ಅಷ್ಟೇ ಪಾಲು, 1937ರಿಂದ ಕೇಂದ್ರದ ನಿಧಿಗೆ ಸೇರತೊಡಗಿತು. 65 ವರ್ಷವಾದ ಮೇಲೆ ಆ ನಿಧಿಯಿಂದ ತಿಂಗಳ ಪಿಂಚಣಿ. ಇದು ಭಿಕ್ಷೆಯಲ್ಲ, ದುಡಿದು ಕಟ್ಟಿದ್ದರ ಹಕ್ಕು ಎಂಬ ಭಾವನೆ ಬರಲೆಂದೇ ಹೀಗೆ ಮಾಡಿದರು. ನಿರುದ್ಯೋಗ ವಿಮೆಗೆ ಬೇರೆ ಉಪಾಯ ಹೂಡಿದರು. ಧಣಿಗಳ ಮೇಲೆ ಕೇಂದ್ರ ತೆರಿಗೆ ಹಾಕಿತು. ಆದರೆ ರಾಜ್ಯ ತನ್ನದೇ ವಿಮಾ ಯೋಜನೆ ಆರಂಭಿಸಿದರೆ ಆ ತೆರಿಗೆಯಲ್ಲಿ ನೂರಕ್ಕೆ 90ರಷ್ಟನ್ನು ಮನ್ನಾ ಮಾಡಿತು. 1932ರಲ್ಲಿ ವಿಸ್ಕಾನ್ಸಿನ್ ಒಂದರಲ್ಲಿಯೇ ಇದ್ದ ನಿರುದ್ಯೋಗ ವಿಮೆಯ ಕಾನೂನು 1937ರೊಳಗೆ ಎಲ್ಲ ರಾಜ್ಯಗಳಲ್ಲೂ ಬಂದಿತ್ತು. ಕೇಂದ್ರ ದಾರಿ ತೋರಿತು, ರಾಜ್ಯಗಳು ನಡೆದವು.

1937ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮನಸ್ಸು ಬದಲಿಸಿತು. ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದ ಎಲ್ಸಿ ಪ್ಯಾರಿಷ್ ಎಂಬ ಹೆಂಗಸು ತನಗೆ ಸಲ್ಲಬೇಕಾದ ಕನಿಷ್ಠ ಕೂಲಿಗಾಗಿ ಹೂಡಿದ ದಾವೆಯಲ್ಲಿ ಗೆದ್ದರು. 1938ರ ಜೂನ್ 25ರ ಕಾನೂನು ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿಯನ್ನು ನಿಗದಿ ಮಾಡಿತು. ದೇಶದ ಮಾರುಕಟ್ಟೆಗೆ ಸರಕು ಕಳಿಸುವ ಕಾರ್ಖಾನೆಗಳಲ್ಲಿ 16 ವರ್ಷದೊಳಗಿನವರ ದುಡಿಮೆಯನ್ನು ತಡೆಯಿತು. 1940ರ ಜನವರಿ 31ರಂದು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಅವರಿಗೆ ಮೊತ್ತಮೊದಲ ಮಾಸಿಕ ಪಿಂಚಣಿ ಚೆಕ್ ಬಂತು. ಮೊತ್ತ 22 ಡಾಲರ್ 54 ಸೆಂಟ್. ಅವರು ನೂರು ವರ್ಷ ಬದುಕಿದರು. ಪರ್ಕಿನ್ಸ್ ಅವರ ಪಟ್ಟಿಯಲ್ಲಿ ಆರೋಗ್ಯ ವಿಮೆಯೊಂದು ಬಿಟ್ಟು ಉಳಿದದ್ದೆಲ್ಲ ಕಾನೂನಾಯಿತು. ವೃದ್ಧರ ಮತ್ತು ಬಡವರ ವೈದ್ಯಕೀಯ ವೆಚ್ಚಕ್ಕೆ ಕೇಂದ್ರ ಕೈಹಾಕಿದ್ದು 1965ರಲ್ಲಿ.

ಧರ್ಮಸಭೆಯ ಮಾತು

ಈ ಬದಲಾವಣೆಯ ಹಿಂದೆ ಧರ್ಮಸಭೆಯ ಬೋಧನೆಯ ದನಿಯೂ ಇತ್ತು. ಜಗದ್ಗುರು ಹದಿಮೂರನೇ ಲಿಯೋ ಅವರು 1891ರ ಮೇ 15ರಂದು ಹೊರಡಿಸಿದ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ, ಕೂಲಿ ಎಂಬುದು ಬರೀ ಚೌಕಾಸಿಯ ವಿಷಯವಲ್ಲ, ದುಡಿಯುವವನು ಮರ್ಯಾದೆಯಿಂದ ಬದುಕುವಷ್ಟು ಅದು ಇರಲೇಬೇಕು ಎಂದು ಬೋಧಿಸಿದರು. ಸಿರಿವಂತರಿಗೆ ತಮ್ಮನ್ನು ಕಾಪಾಡಿಕೊಳ್ಳುವ ಶಕ್ತಿಯಿದೆ, ಬಡವರಿಗೆ ಸರ್ಕಾರದ ಆಸರೆಯೇ ಮುಖ್ಯ, ಆದ್ದರಿಂದ ಸರ್ಕಾರ ಅವರ ಕಡೆ ವಿಶೇಷ ಗಮನ ಕೊಡಬೇಕು ಎಂದರು. ವಂದನೀಯ ಜಾನ್ ರಯನ್ ಅವರು ಈ ಬೋಧನೆಯನ್ನು ಹಿಡಿದು 1906ರಲ್ಲಿ ಬದುಕಲು ಸಾಲುವ ಕೂಲಿಯ ಬಗ್ಗೆ ಗ್ರಂಥ ಬರೆದರು. 1919ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಹೆಸರಿನಲ್ಲಿ ಹೊರಬಂದ ಕಾರ್ಯಕ್ರಮವನ್ನು ಸಿದ್ಧಪಡಿಸಿದವರೂ ಅವರೇ. ಕನಿಷ್ಠ ಕೂಲಿ, ವೃದ್ಧಾಪ್ಯ ಮತ್ತು ನಿರುದ್ಯೋಗ ವಿಮೆ ಮುಂತಾದವು ಅದರಲ್ಲಿ ಆಗಲೇ ಇದ್ದವು.

1931ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರು ಇನ್ನೊಂದು ಮುಖ್ಯ ಮಾತನ್ನು ಸೇರಿಸಿದರು. ಕುಟುಂಬ, ಊರು, ಸಂಘಗಳು ತಾವೇ ಮಾಡಬಲ್ಲ ಕೆಲಸವನ್ನು ಮೇಲಿನ ಅಧಿಕಾರ ಕಿತ್ತುಕೊಳ್ಳಬಾರದು. ಅವುಗಳಿಂದ ಆಗದಿದ್ದಲ್ಲಿ ನೆರವಾಗಬೇಕು. ಮಗು ನಡೆಯಬಲ್ಲಾಗ ತಾಯಿ ಎತ್ತಿಕೊಳ್ಳುವುದಿಲ್ಲ, ಹೊಳೆ ದಾಟುವಾಗ ಎತ್ತಿಕೊಳ್ಳದೆ ಬಿಡುವುದೂ ಇಲ್ಲ. ಬೋಧನೆಯ ತಿರುಳು ಇಷ್ಟೇ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ, ಅಮೆರಿಕದಲ್ಲೇ ಹುಟ್ಟಿದ ಜಗದ್ಗುರು ಹದಿನಾಲ್ಕನೇ ಲಿಯೋ ಅವರು ತಮ್ಮ ಹೆಸರನ್ನು ಆರಿಸಿಕೊಳ್ಳಲು ಆ ಹದಿಮೂರನೇ ಲಿಯೋ ಅವರ ಸಾಮಾಜಿಕ ಬೋಧನೆಯೇ ಮುಖ್ಯ ಕಾರಣವೆಂದು ತಿಳಿಸಿದ್ದಾರೆ.

ಸರ್ಕಾರವೂ ಎಡವುತ್ತದೆ

ಹಾಗೆಂದು ಸರ್ಕಾರ ಮಾಡಿದ್ದೆಲ್ಲ ಸುಧಾರಣೆಯಾಗುವುದಿಲ್ಲ. 1920ರಲ್ಲಿ ಇಡೀ ದೇಶಕ್ಕೆ ಜಾರಿಯಾದ ಪಾನನಿರೋಧ ಕಳ್ಳಭಟ್ಟಿಯವರನ್ನು ಕೊಬ್ಬಿಸಿ 1933ರಲ್ಲಿ ರದ್ದಾಯಿತು. ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕೆಂದು ಓರೆಗಾನ್ ರಾಜ್ಯ 1922ರಲ್ಲಿ ಕಾನೂನು ಮಾಡಿತು. ಧಾರ್ಮಿಕ ಭಗಿನಿಯರು ನ್ಯಾಯಾಲಯಕ್ಕೆ ಹೋದರು. ಮಗು ಸರ್ಕಾರದ ಸ್ವತ್ತಲ್ಲ ಎಂಬ ತೀರ್ಪು 1925ರಲ್ಲಿ ಬಂತು.

ಇನ್ನೂ ಘೋರವಾದದ್ದು ವರ್ಜೀನಿಯಾದಲ್ಲಿ ನಡೆಯಿತು. ಬುದ್ಧಿಮಾಂದ್ಯರೆಂದು ಸರ್ಕಾರ ಮುದ್ರೆ ಒತ್ತಿದವರಿಗೆ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನನ್ನು 1927ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಯಾರಿ ಬಕ್ ಎಂಬ ಬಡ ಹುಡುಗಿ ಅದಕ್ಕೆ ಬಲಿಯಾದಳು. ಒಂಬತ್ತು ನ್ಯಾಯಾಧೀಶರಲ್ಲಿ ಅದನ್ನು ಒಪ್ಪದವರು ಒಬ್ಬರೇ, ಕಥೋಲಿಕರಾದ ಪಿಯರ್ಸ್ ಬಟ್ಲರ್. ಇದನ್ನೂ ಅಂದು ಸಮಾಜ ಸುಧಾರಣೆ ಎಂದೇ ಕರೆಯುತ್ತಿದ್ದರು.

1935ರ ಕಾನೂನಿನಲ್ಲೂ ದೊಡ್ಡ ಕಿಂಡಿ ಇತ್ತು. ಹೊಲದಲ್ಲಿ ದುಡಿಯುವವರು, ಮನೆಗೆಲಸದವರು ಅದರ ಹೊರಗೇ ಉಳಿದರು. ದಕ್ಷಿಣದ ಕಪ್ಪು ಜನರಲ್ಲಿ ಬಹಳ ಮಂದಿ ಮಾಡುತ್ತಿದ್ದದ್ದು ಇವೇ ಕೆಲಸಗಳನ್ನು. ಎಲ್ಲರಿಗಿಂತ ಬಡವರಾದವರಿಗೇ ಪಿಂಚಣಿ ಇಲ್ಲ! 1950 ಮತ್ತು 1954ರ ತಿದ್ದುಪಡಿಗಳಿಂದ ಅವರಲ್ಲಿ ಹೆಚ್ಚಿನವರು ಒಳಗೆ ಬಂದರು.

ಇದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಡೊರೊಥಿ ಡೇ ಎಂಬ ಕಥೋಲಿಕ ಮಹಿಳೆ ಬೇರೊಂದು ದಾರಿ ಹಿಡಿದಿದ್ದರು. 1933ರ ಮೇ 1ರಂದು ಪತ್ರಿಕೆಯೊಂದನ್ನು ಆರಂಭಿಸಿ, ಹಸಿದವರಿಗೆ ತಮ್ಮ ಮನೆಯನ್ನೇ ತೆರೆದರು. ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿಬಿಟ್ಟರೆ ಕ್ರೈಸ್ತರು ತಮ್ಮ ಕರ್ತವ್ಯವನ್ನು ಮರೆತಾರೆಂದು ಅವರು ಎಚ್ಚರಿಸುತ್ತಲೇ ಇದ್ದರು. ಪರ್ಕಿನ್ಸ್ ಅವರೂ ಬೇಕಿತ್ತು, ಡೊರೊಥಿ ಡೇ ಅವರೂ ಬೇಕಿತ್ತು. ಪಿಂಚಣಿಯ ಚೆಕ್ಕು ಮುದುಕಿಯ ಬಾಡಿಗೆ ಕಟ್ಟುತ್ತದೆ. ಅವಳ ಪಕ್ಕದಲ್ಲಿ ಕುಳಿತು ಜಪಮಾಲೆ ಹೇಳುವುದಿಲ್ಲ. ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಅವರೂ 2005ರ ವಿಶ್ವಪತ್ರದಲ್ಲಿ ಇದನ್ನೇ ಬೋಧಿಸಿದರು: ಎಷ್ಟೇ ನ್ಯಾಯವಾದ ಸಮಾಜದಲ್ಲೂ ಪ್ರೀತಿಯ ಸೇವೆಗೆ ಬದಲಿಯಿಲ್ಲ.

ನಮ್ಮ ನಾಡಿನಲ್ಲಿ

ಟ್ರಯಾಂಗಲ್ ದುರಂತದ ಎರಡು ವರ್ಷಗಳ ಬಳಿಕ, 1913ರಲ್ಲಿ, ಅದೇ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಭಾರತದಿಂದ ಒಬ್ಬ ಯುವಕರು ಓದಲು ಬಂದರು. ಅವರೇ ಡಾ. ಬಿ.ಆರ್. ಅಂಬೇಡ್ಕರ್. ಮುಂದೆ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಅವರು ವಹಿಸಿಕೊಂಡದ್ದು ಕಾರ್ಮಿಕ ಖಾತೆಯನ್ನು. ನಮ್ಮ ಸಂವಿಧಾನ ಈ ಪ್ರಶ್ನೆಗೆ ಆರಂಭದಲ್ಲೇ ಉತ್ತರ ಕೊಟ್ಟಿತು. ಅಸ್ಪೃಶ್ಯತೆಯನ್ನು 17ನೇ ವಿಧಿ ತೊಡೆದುಹಾಕಿತು. 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿಗಳಲ್ಲಿ ದುಡಿಸಬಾರದೆಂದು 24ನೇ ವಿಧಿ ಹೇಳುತ್ತದೆ. ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ನೆರವು ಮತ್ತು ಬದುಕಲು ಸಾಲುವ ಕೂಲಿ ಸರ್ಕಾರದ ಗುರಿಯಾಗಬೇಕೆಂದು 41 ಮತ್ತು 43ನೇ ವಿಧಿಗಳು ನಿರ್ದೇಶಿಸುತ್ತವೆ. 1948ರಲ್ಲಿ ಇ.ಎಸ್.ಐ. ಕಾನೂನು, 1952ರಲ್ಲಿ ಭವಿಷ್ಯನಿಧಿ ಕಾನೂನು ಬಂದವು.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಂದು ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಪಿ.ಎಫ್. ಹಣದಲ್ಲಿ ಧಣಿಯ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ತಂದಿತು. ಮುಪ್ಪಿನ ಭದ್ರತೆಗೆಂದು ತಂದ ನಿಯಮವೇ ಇರಬಹುದು. ಆದರೆ ಅಷ್ಟು ವರ್ಷ ಆ ಕೆಲಸದಲ್ಲಿ ಉಳಿಯಲಾಗದ, ಮಕ್ಕಳ ಫೀಸಿಗೆ, ಕಾಯಿಲೆಗೆ, ಮದುವೆಗೆ ಅದೇ ಹಣವನ್ನು ನಂಬಿಕೊಂಡಿದ್ದ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಬೀದಿಗಿಳಿದರು. ಕೆಲವೆಡೆ ಹಿಂಸೆಯೂ ನಡೆಯಿತು. ಅದನ್ನು ನಾವು ಒಪ್ಪಲಾರೆವು. ಆದರೆ 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಬಡವರಿಗಾಗಿ ಕಾನೂನು ಮಾಡುವವರು ಬಡವರ ಮಾತನ್ನು ಕೇಳಿ ಮಾಡಬೇಕು ಎಂಬ ಪಾಠವನ್ನು ಈ ಹೆಣ್ಣುಮಕ್ಕಳು ದೇಶಕ್ಕೆ ಕಲಿಸಿದರು.

ನಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ಬಡವರ ಹೊಣೆ ಯಾರದು ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪ್ರೀತಿ ನಮ್ಮೆಲ್ಲರ ಹೊಣೆ. ಆ ಪ್ರೀತಿಯ ಕೈ ಮುಟ್ಟದ ಕಡೆ ನ್ಯಾಯವನ್ನು ಮುಟ್ಟಿಸುವುದು ಸರ್ಕಾರದ ಹೊಣೆ. ಸರ್ಕಾರ ಬಂತೆಂದು ನಾವು ಹಿಂದೆ ಸರಿಯುವಂತಿಲ್ಲ. ನಾವಿದ್ದೇವೆಂದು ಸರ್ಕಾರ ಜಾರಿಕೊಳ್ಳುವಂತೆಯೂ ಇಲ್ಲ.

ಹಾಗಾದರೆ ನಮ್ಮ ಕುಟುಂಬಗಳು ಮಾಡಬಹುದಾದದ್ದೇನು? ಮೊದಲನೆಯದಾಗಿ, ಯೋಜನೆಗಳು ಕಾಗದದ ಮೇಲಿದ್ದರೆ ಸಾಲದು, ಅವು ಅರ್ಹರ ಮನೆ ಸೇರಬೇಕು. ನಮ್ಮ ವಾರ್ಡಿನಲ್ಲಿ ವಿಧವಾ ವೇತನ, ವೃದ್ಧಾಪ್ಯ ವೇತನ ಸಿಗಬೇಕಾಗಿದ್ದೂ ಸಿಗದವರು ಇದ್ದಾರೆಯೇ? ಅರ್ಜಿ ತುಂಬಲು ಬಾರದವರ ಜೊತೆ ಓದಿದ ನಮ್ಮ ಯುವಕ ಯುವತಿಯರು ಒಂದು ಬೆಳಿಗ್ಗೆ ನಾಡಕಚೇರಿಗೆ ಹೋಗಿಬರಬಹುದು. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಮಾಡಿಸಿಕೊಡಬಹುದು. ಇದು ಅಕ್ಕಿ ಹಂಚುವಷ್ಟೇ ದೊಡ್ಡ ಸೇವೆ.

ಎರಡನೆಯದಾಗಿ, ಕಾನೂನಿನ ಕಿಂಡಿಯನ್ನು ನಮ್ಮ ಮನೆಯಲ್ಲೇ ಹುಡುಕೋಣ. 1935ರಲ್ಲಿ ಅಮೆರಿಕ ಹೊರಗಿಟ್ಟದ್ದು ಮನೆಗೆಲಸದವರನ್ನು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ಅಡುಗೆ ಮಾಡುವ ಅಕ್ಕನಿಗೆ ವಾರಕ್ಕೊಂದು ರಜೆ ಇದೆಯೇ? ಅವಳಿಗೆ ಜ್ವರ ಬಂದ ದಿನದ ಸಂಬಳ ಹಿಡಿಯುತ್ತೇವೆಯೇ? ಹತ್ತು ವರ್ಷ ದುಡಿದವಳಿಗೆ ಮುಪ್ಪಿನಲ್ಲಿ ಕೈಗೆ ಏನು ಸಿಗುತ್ತದೆ? ಇದಕ್ಕೆ ಇನ್ಸ್‌ಪೆಕ್ಟರ್ ಬರಬೇಕಾಗಿಲ್ಲ, ಮಸೂದೆ ಅಂಗೀಕಾರವಾಗಬೇಕಾಗಿಲ್ಲ. ಇಂದು ರಾತ್ರಿಯೇ ಮನೆಯವರೆಲ್ಲ ಕುಳಿತು ತೀರ್ಮಾನಿಸಬಹುದು.

ಮೂರನೆಯದಾಗಿ, ಮತ ಕೇಳಲು ಬಂದವರನ್ನು ನಮ್ಮ ಬೀದಿಯ ಚರಂಡಿಯ ಬಗ್ಗೆ ಮಾತ್ರ ಕೇಳಿ ಕಳಿಸದಿರೋಣ. ಕಾರ್ಖಾನೆಯ ಬಾಗಿಲುಗಳ ಬಗ್ಗೆ, ಕೂಲಿಯ ಬಗ್ಗೆ, ಮಕ್ಕಳ ಬಗ್ಗೆಯೂ ಕೇಳೋಣ.

ಮರಿಯಮ್ಮನವರು ದೇವರ ಮಾತಿಗೆ ಒಪ್ಪಿಗೆ ಕೊಟ್ಟ ಹಬ್ಬವಿದು. ಒಪ್ಪಿಗೆ ಕೊಟ್ಟ ಮೇಲೆ ಅವರು ಎದ್ದು ನಡೆದರು; ತನ್ನ ನೆರವು ಬೇಕಾಗಿದ್ದವರ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿದರು. ಬಲಿಪೂಜೆ ಮುಗಿಸಿ ಮನೆಗೆ ಹೊರಡುವ ನಮಗೂ ಆ ಅಮ್ಮನ ಅವಸರವನ್ನು ಪ್ರಭು ಅನುಗ್ರಹಿಸಲಿ. ಸಮಸ್ತ ಕುಟುಂಬಗಳಿಗೂ ಮಂಗಳವಾರ್ತೆಯ ಹಬ್ಬದ ಶುಭಾಶಯಗಳು.